ಹಲ್ಲುಗಳ ಹಿಡಿತದಲ್ಲಿ ಹಿಂಬದಿಯ ಚಕ್ರ

ತೊಂಬತ್ತರ ದಶಕದಲ್ಲಿ ಮುಂಬೈ ಪಕ್ಕದ ಕಲ್ಯಾಣದಲ್ಲಿ ಪ್ಯೂಜೋ 309 ಕಾರುಗಳು ತಯಾರಾಗುತ್ತಿದ್ದವು. ಅವುಗಳ ಹಿಂಬದಿಗೆ ಬಗ್ಗಿ ನೋಡಿದರೆ ಸುರುಳಿ ಸ್ಪ್ರಿಂಗೂ ಇಲ್ಲ, ಪಟ್ಟಿ ಸ್ಪ್ರಿಂಗೂ ಇಲ್ಲ. ಅಡ್ಡಲಾಗಿ ಒಂದು ದಪ್ಪ ಕೊಳವೆ, ಅದರ ಮುಂದೊಂದು ಹಿಂದೊಂದು ಉಕ್ಕಿನ ಸರಳು. ಹಿಂಭಾಗದ ಭಾರವನ್ನು ತಾಳಿಕೊಳ್ಳುವ ಸ್ಪ್ರಿಂಗ್ ಎಂದರೆ ಆ ಎರಡು ಸರಳುಗಳೇ.

ಫರ್ಡಿನಾಂಡ್ ಪೋರ್ಷೆ 1931ರಲ್ಲಿ ಪೇಟೆಂಟಿಗೆ ಒಯ್ದ ಟಾರ್ಷನ್ ಬಾರ್ ಇದೇ. ಸರಳಿನ ಒಂದು ತುದಿ ಚಕ್ರವನ್ನು ಹಿಡಿದ ತೋಳಿಗೆ, ಇನ್ನೊಂದು ತುದಿ ಎದುರು ಬದಿಯ ಅಲುಗಾಡದ ಭಾಗಕ್ಕೆ ಸೇರಿರುತ್ತದೆ. ಚಕ್ರ ಮೇಲೆದ್ದಾಗ ತೋಳು ತಿರುಗಿ, ಒದ್ದೆ ಬಟ್ಟೆಯನ್ನು ಹಿಂಡಿದ ಹಾಗೆ ಸರಳನ್ನು ತಿರುಚುತ್ತದೆ. ಉಕ್ಕು ತಿರುಚಿದಷ್ಟೇ ಬಲವಾಗಿ ಮರಳುತ್ತದೆ. ಇಲ್ಲಿ ದಪ್ಪದ ಲೆಕ್ಕ ಬಹಳ ಸೂಕ್ಷ್ಮ. ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುವುದರಿಂದ 19 ಮಿಲಿಮೀಟರ್ ಸರಳನ್ನು 20ಕ್ಕೆ ಏರಿಸಿದರೆ ಬಿಗಿತ ಶೇ 23ರಷ್ಟು ಹೆಚ್ಚುತ್ತದೆ.

ಇಷ್ಟೊಂದು ತಿರುಚುವ ಬಲವನ್ನು ಹಿಡಿದಿಡುವುದು ಬೋಲ್ಟಲ್ಲ. ತುದಿಯ ಬೋಲ್ಟು ಸರಳು ಪಕ್ಕಕ್ಕೆ ಜರುಗದಂತೆ ತಡೆಯುತ್ತದೆ, ಅಷ್ಟೇ. ನಿಜವಾದ ಹಿಡಿತವಿರುವುದು ಸರಳಿನ ಎರಡೂ ತುದಿಗಳಲ್ಲಿ ಕೊರೆದ ಸಣ್ಣ ಹಲ್ಲುಗಳಲ್ಲಿ, ಅಂದರೆ ಸ್ಪ್ಲೈನ್‌ಗಳಲ್ಲಿ. ಫೋಕ್ಸ್‌ವ್ಯಾಗನ್ ಬೀಟಲ್‌ನ ಹಿಂಬದಿ ಸರಳಿಗೆ ಒಳತುದಿಯಲ್ಲಿ 40, ಹೊರತುದಿಯಲ್ಲಿ 44 ಹಲ್ಲುಗಳು. ಒಳಗೆ ಒಂದು ಹಲ್ಲು ಸರಿಸಿದರೆ 9 ಡಿಗ್ರಿ, ಹೊರಗೆ ಒಂದು ಹಲ್ಲು ಸರಿಸಿದರೆ ಸುಮಾರು 8.2 ಡಿಗ್ರಿ. ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಸರಿಸಿದರೆ ತೋಳು ಒಂದು ಡಿಗ್ರಿಗೂ ಕಡಿಮೆ ಹೊರಳುತ್ತದೆ. ಬೇರೆ ಯಾವ ಸಾಧನವೂ ಇಲ್ಲದೆ ಕಾರಿನ ಎತ್ತರವನ್ನು ಇಷ್ಟು ನಯವಾಗಿ ಹೊಂದಿಸುವ ಈ ಉಪಾಯ ನನಗೆ ಇಡೀ ವ್ಯವಸ್ಥೆಯಲ್ಲೇ ಅತ್ಯಂತ ಪ್ರಿಯವಾದದ್ದು.

ಡೊಂಬಿವಲಿಯಲ್ಲಿ ವಿಜಯಪುರದ ಮೇಸ್ತ್ರಿಯೊಬ್ಬರು ಇಂಥ ಸರಳನ್ನು ಬಿಚ್ಚುವುದನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲು ಬಿಳಿ ಬಣ್ಣದಲ್ಲಿ ಸರಳಿಗೂ ತೋಳಿಗೂ ಸೇರಿಸಿ ಒಂದು ಗೆರೆ ಎಳೆದರು. ಶಾಕ್ ಅಬ್ಸಾರ್ಬರ್ ಬಿಚ್ಚಿ, ಆ ಜಾಗದಲ್ಲಿ ಅಳತೆ ಮಾಡಿ ಕತ್ತರಿಸಿದ ಕಬ್ಬಿಣದ ಪಟ್ಟಿಯನ್ನು ಕೂರಿಸಿದರು; ತೋಳು ಇದ್ದ ಕೋನದಲ್ಲೇ ನಿಲ್ಲಬೇಕಲ್ಲ. ತುಕ್ಕು ಹಿಡಿದ ಹಲ್ಲುಗಳಿಗೆ ಎಣ್ಣೆ ಬಿಟ್ಟು, ಜಾರುವ ಸುತ್ತಿಗೆಯಿಂದ, ಅಂದರೆ ದಂಡದ ಮೇಲೆ ತೂಕವನ್ನು ಹಿಂದಕ್ಕೆ ಜಾರಿಸಿ ಬಡಿದು ಎಳೆಯುವ ಸಾಧನದಿಂದ, ಹೊರಗೆಳೆದರು. ಹೊರಬಂದ ಸರಳನ್ನು ನೆಲಕ್ಕೆ ಹಾಕಲು ಬಿಡದೆ, "ಸರ್, ಇದಕ್ಕೆ ಒಂದು ಗೀರೂ ಬೀಳಬಾರದು" ಎಂದು ಬಟ್ಟೆಯ ಮೇಲೆ ಮಲಗಿಸಿದರು. ಅವರ ಎಚ್ಚರಿಕೆ ಸರಿ: ತಿರುಚಿದ ಸರಳಿನ ನಡುವಿನಲ್ಲಿ ಒತ್ತಡ ಶೂನ್ಯ, ಮೇಲ್ಮೈಯಲ್ಲಿ ಗರಿಷ್ಠ. ಬಿರುಕು ಹುಟ್ಟುವುದು ಗೀರಿನಿಂದಲೇ. ಎಡದ ಸರಳನ್ನು ಬಲಕ್ಕೆ ಹಾಕುವಂತೆಯೂ ಇಲ್ಲ. ತಯಾರಿಕೆಯಲ್ಲೇ ಅದನ್ನು ಒಂದು ದಿಕ್ಕಿಗೆ ತಿರುಚಿ ಪಳಗಿಸಿರುತ್ತಾರೆ.

ಮುಂಬೈ ಮಳೆಯಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಸರಳಲ್ಲ, ಕೊಳವೆಯೊಳಗೆ ತೋಳಿನ ದಂಡ ತಿರುಗುವ ನೀಡಲ್ ಬೇರಿಂಗ್. ನೀರು ನುಗ್ಗಿದರೆ ಗ್ರೀಸ್ ಕೆಟ್ಟು, ಸೂಜಿಯಂಥ ಉರುಳೆಗಳು ತುಕ್ಕು ಹಿಡಿದು ದಂಡವನ್ನೇ ಸವೆಸುತ್ತವೆ. ಆಗ ಹಿಂದಿನ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ. ಬೇಗ ಗಮನಿಸಿದರೆ ಬೇರಿಂಗ್ ಬದಲಿಸಿದರೆ ಸಾಕು. ತಡವಾದರೆ ದಂಡವನ್ನೂ ಒತ್ತಿ ಹೊರತೆಗೆದು ಹೊಸದನ್ನು ಕೂರಿಸಬೇಕಾಗುತ್ತದೆ.