ಮಂಗನ ಕಾಯಿಲೆ ಮಂಗನಿಂದ ಬರುತ್ತಾ?

ಪ್ರಶ್ನೆ: ನಮ್ಮ ಅಡಿಕೆ ತೋಟಕ್ಕೆ ದಿನಾ ಮಂಗಗಳ ಹಿಂಡು ಬರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಮಂಗನ ಕಾಯಿಲೆ ಅಂಟಬಹುದಾ? ಮಂಗಗಳನ್ನು ಓಡಿಸಿದರೆ ಸಾಕಾ?

ಉತ್ತರ: ಮಂಗ ತೋಟಕ್ಕೆ ಬಂದ ಮಾತ್ರಕ್ಕೆ ಅಂಟುವುದಿಲ್ಲ. ಓಡಿಸಿದರೂ ಕಾಯಿಲೆ ಹೋಗುವುದಿಲ್ಲ. ಹೆಸರೇ ನಮ್ಮನ್ನು ದಾರಿ ತಪ್ಪಿಸಿದೆ. ಇಲ್ಲಿ ನಿಜವಾದ ಕಳ್ಳ ಅಂದರೆ ಮಂಗ ಅಲ್ಲ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗು (ಉಣ್ಣೆ).

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಂಚಿನ ಊರುಗಳ ಜನರೂ ಜ್ವರದಲ್ಲಿ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಮೊದಲು ಹೆದರಿದ್ದು ಹಳದಿ ಜ್ವರಕ್ಕೆ. ಅದೂ ಕಾಡಿನ ಮಂಗಗಳನ್ನು ಕೊಲ್ಲುತ್ತದೆ, ಆದರೆ ಅದನ್ನು ಹರಡುವುದು ಸೊಳ್ಳೆ. ಇಲ್ಲಿ ಸಿಕ್ಕಿದ್ದು ಬೇರೆಯೇ ವೈರಸ್. ಅದರ ನೆಂಟರು ಇದ್ದದ್ದು ದೂರದ ರಷ್ಯಾದ ಕಾಡುಗಳಲ್ಲಿ, ಹರಡುತ್ತಿದ್ದದ್ದು ಉಣುಗಿನಿಂದ. ಕಾಯಿಲೆಗೆ ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’ ಅಂತಲೇ ಹೆಸರಾಯಿತು. ಹಾಗಾಗಿ ಸೊರಬದ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿತು. ಹೆಮ್ಮೆ ಪಡುವಂಥದ್ದೇನಲ್ಲ ಬಿಡಿ.

ಹಾಗಾದರೆ ಮಂಗನ ಪಾತ್ರ ಏನು? ಅದೂ ನಮ್ಮ ಹಾಗೇ ಉಣುಗಿನಿಂದ ಕಚ್ಚಿಸಿಕೊಂಡು ಕಾಯಿಲೆ ಬೀಳುತ್ತದೆ. ನಮಗಿಂತ ಜಾಸ್ತಿ ಸಾಯುತ್ತದೆ. ಸತ್ತ ಮೇಲೆ ಮೈ ತಣ್ಣಗಾಗುತ್ತದಲ್ಲ, ಆಗ ಅದರ ಮೈಮೇಲಿದ್ದ ಉಣುಗುಗಳೆಲ್ಲ ಕೆಳಗಿಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಮಂಗ ಸತ್ತ ಜಾಗ ಅಪಾಯ ಅನ್ನುವುದು ಅದಕ್ಕೇ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳಲೂ ಹೋಗಬೇಡಿ. ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ.

ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಮರಿ ಉಣುಗು. ಎಳ್ಳಿನ ಕಾಳಿನಷ್ಟೂ ಇರುವುದಿಲ್ಲ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನವೆಂಬರ್‌ನಿಂದ ಮೇವರೆಗೆ ಇವುಗಳ ಕಾಲ. ಮಲೆನಾಡಿನಲ್ಲಿ ಅಡಿಕೆ ಕೊಯ್ಲು, ಸೌದೆ, ಕೊಟ್ಟಿಗೆಗೆ ಸೊಪ್ಪು, ತರಗೆಲೆ ಎಲ್ಲಾ ಆಗಲೇ ಅಲ್ವಾ? ನಮ್ಮ ದೊಡ್ಡಮ್ಮ ಸೊಪ್ಪಿನ ಬೆಟ್ಟದಿಂದ ಬಂದರೆ ನೇರ ಒಳಗೆ ಬರುತ್ತಿರಲಿಲ್ಲ. ಬಚ್ಚಲಿಗೆ ಹೋಗಿ ಸೀರೆಯನ್ನು ಕುದಿಯುವ ನೀರಿಗೆ ಹಾಕಿ, ಸ್ನಾನ ಮಾಡಿ, ಮೊಣಕಾಲಿನ ಹಿಂದೆ ಬೆರಳಾಡಿಸಿ ನೋಡಿಕೊಂಡೇ ಕಾಫಿಗೆ ಕೂರುತ್ತಿದ್ದದ್ದು. ಇವತ್ತಿಗೂ ಅದಕ್ಕಿಂತ ಒಳ್ಳೆಯ ಉಪಾಯ ಕಡಿಮೆ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟಿಯಲ್ಲಿ ಚರ್ಮದ ಹತ್ತಿರವೇ ಹಿಡಿದು ಎಳೆಯಿರಿ. ಉಗುರಲ್ಲಿ ಹಿಸುಕಬೇಡಿ.

ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಏಳಲಾಗದಷ್ಟು ಮೈಕೈ ನೋವು ಬರುತ್ತದೆ. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ಇನ್ನು ಕೆಲವರಿಗೆ ಜ್ವರ ಬಿಟ್ಟು, ವಾಸಿಯಾಯಿತು ಅಂದುಕೊಂಡ ಮೇಲೆ, ಒಂದೆರಡು ವಾರದಲ್ಲಿ ಮತ್ತೆ ಬಂದು ಮಿದುಳಿಗೆ ತೊಂದರೆ ಕೊಡುತ್ತದೆ. 100 ರೋಗಿಗಳಲ್ಲಿ ಸುಮಾರು 3ರಿಂದ 5 ಜನ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಆದರೆ ಬೇಗ ಆಸ್ಪತ್ರೆ ಸೇರಿದರೆ ಹೆಚ್ಚಿನವರು ಉಳಿಯುತ್ತಾರೆ. ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಮೈಕೈ ನೋವು ಅಂತ ಸುಮ್ನೆ ಅಂಗಡಿಯ ನೋವಿನ ಮಾತ್ರೆ ನುಂಗಬೇಡಿ. ಆಸ್ಪಿರಿನ್, ಐಬುಪ್ರೊಫೇನ್ ಥರದವು ರಕ್ತಸ್ರಾವ ಹೆಚ್ಚಿಸಬಹುದು.

ಲಸಿಕೆ ಇತ್ತು. ಪದೇ ಪದೇ ಹಾಕಿಸಿಕೊಳ್ಳಬೇಕಿತ್ತು, ಆದರೂ ಪೂರ್ತಿ ರಕ್ಷಣೆ ಇರಲಿಲ್ಲ. 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಈ ನಡುವೆ ಕಾಯಿಲೆ ಮಾತ್ರ ಶಿವಮೊಗ್ಗದಲ್ಲೇ ಉಳಿಯದೆ ಬಂಡೀಪುರ, ವಯನಾಡು, ಗೋವಾದವರೆಗೆ ಹೋಗಿದೆ.

ಮಕ್ಕಳ ವಿಷಯಕ್ಕೆ ಬಂದರೆ, ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ತೋಟದ ತರಗೆಲೆಯಲ್ಲಿ ಆಡಿ ಬಂದರೆ ಸ್ನಾನ ಮಾಡಿಸಿ, ಕಿವಿಯ ಹಿಂದೆ, ಕಂಕುಳಲ್ಲಿ ಒಮ್ಮೆ ನೋಡಿ. ಮಂಗಗಳು ಬಾಳೆಗೊನೆ ಮುರಿದುಕೊಂಡು ಹೋಗುವ ತಕರಾರಿಗೆ ಮಾತ್ರ ನನ್ನ ಹತ್ತಿರವೂ ಉತ್ತರ ಇಲ್ಲ.