ಎಂಟು ವ್ಯಾಟಿನ ವಾಲ್ವ್ ಆಂಪ್ಲಿಫೈಯರಿಗೆ ಎಂಥ ಸ್ಪೀಕರ್?

ಪ್ರಶ್ನೆ: ನನ್ನ ಹತ್ತಿರ 300ಬಿ ವಾಲ್ವಿನ (ಟ್ರಾನ್ಸಿಸ್ಟರಿಗೂ ಹಿಂದಿನ ಕಾಲದ ಗಾಜಿನ ನಿರ್ವಾತ ಕೊಳವೆ), ಚಾನೆಲಿಗೆ 8 ವ್ಯಾಟ್ ಕೊಡುವ ಸಿಂಗಲ್ ಎಂಡೆಡ್ (ಒಂದೇ ಔಟ್‌ಪುಟ್ ವಾಲ್ವ್ ಇಡೀ ಸಿಗ್ನಲ್ ಹೊರುವ) ಆಂಪ್ಲಿಫೈಯರ್ ಇದೆ. ಎರಡು ಜೋಡಿ ಸ್ಪೀಕರ್ ನೋಡಿಟ್ಟಿದ್ದೇನೆ. ಒಂದು ನೆಲದ ಮೇಲೆ ನಿಲ್ಲುವ ಸಪೂರ ಪೆಟ್ಟಿಗೆ: 90 ಡಿಬಿ, 4 ಓಮ್. ಇನ್ನೊಂದು ಅಗಲ ಮೈಯದು: 93 ಡಿಬಿ, 8 ಓಮ್. ಎರಡರ ಬೆನ್ನ ಮೇಲೂ ‘20ರಿಂದ 120 ವ್ಯಾಟ್’ ಎಂದು ಬರೆದಿದೆ. ನನ್ನ 8 ವ್ಯಾಟ್ ಸಾಲುತ್ತದೆಯೇ? ಮೂರು ಡಿಬಿ ಅಷ್ಟೇನು ದೊಡ್ಡ ವ್ಯತ್ಯಾಸವೇ?

ಉತ್ತರ: ಬೆನ್ನ ಮೇಲಿನ ಆ 20–120ನ್ನು ಮೊದಲು ಮರೆತುಬಿಡಿ. ಅದು ತಯಾರಕರ ಅಂದಾಜಿನ ಸಲಹೆ. 20 ವ್ಯಾಟಿಗಿಂತ ಕಡಿಮೆ ಕೊಟ್ಟರೆ ಸ್ಪೀಕರ್ ಹಾಡುವುದಿಲ್ಲ ಎಂದೇನೂ ಅಲ್ಲ. ಮಾಮೂಲಿ ದನಿಯಲ್ಲಿ ಕೇಳುವಾಗ ಸ್ಪೀಕರಿಗೆ ಹೋಗುವುದು ಬಹುತೇಕ ಹೊತ್ತು ಒಂದು ವ್ಯಾಟಿಗಿಂತಲೂ ಕಡಿಮೆ. ಮಿಕ್ಕಿದ್ದೆಲ್ಲ ಬೇಕಾಗುವುದು ಡ್ರಮ್ಮಿನ ಪೆಟ್ಟು, ಪಿಯಾನೋದ ಜೋರು ಸ್ವರ ಇಂಥ ಕ್ಷಣಗಳಿಗೆ.

ಇನ್ನು ಮೂರು ಡಿಬಿ. ನಿಮ್ಮ ಎರಡು ಸ್ಪೀಕರುಗಳ ನಡುವೆ ಇರುವುದು ಮೂರಲ್ಲ, ಆರು. ಸೆನ್ಸಿಟಿವಿಟಿಯನ್ನು, ಅಂದರೆ ಇಂತಿಷ್ಟು ವಿದ್ಯುತ್ತಿಗೆ ಸ್ಪೀಕರ್ ಎಷ್ಟು ಸದ್ದು ಮಾಡುತ್ತದೆ ಎಂಬ ಆ ಡಿಬಿ ಅಂಕಿಯನ್ನು, ಈಗ ಸಾಮಾನ್ಯವಾಗಿ 2.83 ವೋಲ್ಟ್ ಕೊಟ್ಟು, ಒಂದು ಮೀಟರ್ ದೂರದಲ್ಲಿ ಅಳೆಯುತ್ತಾರೆ. 8 ಓಮ್ ಸ್ಪೀಕರಿಗೆ 2.83 ವೋಲ್ಟ್ ಎಂದರೆ ಸರಿಯಾಗಿ 1 ವ್ಯಾಟ್. 4 ಓಮಿನದಕ್ಕೆ ಅದೇ ವೋಲ್ಟೇಜ್ 2 ವ್ಯಾಟ್ ಆಗುತ್ತದೆ. ಅಂದರೆ ಮೊದಲನೆಯ ಸ್ಪೀಕರ್ ಎರಡು ವ್ಯಾಟ್ ನುಂಗಿ 90 ಡಿಬಿ ಕೊಟ್ಟಿದೆ. ಒಂದು ವ್ಯಾಟಿಗೆ ಅದರದು 87. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಆಗಿದ್ದರೆ ಇದು ಅಷ್ಟು ಬಾಧಿಸುತ್ತಿರಲಿಲ್ಲ, 4 ಓಮ್ ಸಿಕ್ಕಾಗ ಅದು ಹೆಚ್ಚು ವ್ಯಾಟ್ ಸುರಿಯುತ್ತದೆ. ವಾಲ್ವಿನದು ಹಾಗಲ್ಲ. 8 ಓಮ್ ಟ್ಯಾಪಿನಲ್ಲೂ (ಆ ಓಮಿನ ಸ್ಪೀಕರಿಗೆಂದೇ ಇರುವ ತಂತಿ ಕೊಂಡಿ) 8 ವ್ಯಾಟ್, 4 ಓಮ್ ಟ್ಯಾಪಿನಲ್ಲೂ ಅದೇ 8 ವ್ಯಾಟ್.

ಮೂರು ಡಿಬಿ ಹೆಚ್ಚಬೇಕಾದರೆ ಶಕ್ತಿ ಇಮ್ಮಡಿಯಾಗಬೇಕು, ಆರಕ್ಕೆ ನಾಲ್ಮಡಿ. ನಿಮ್ಮ ಎರಡನೆಯ ಸ್ಪೀಕರ್ 8 ವ್ಯಾಟಿನಲ್ಲಿ ಮಾಡುವ ಸದ್ದಿಗೆ ಮೊದಲನೆಯದು 32 ವ್ಯಾಟ್ ಕೇಳುತ್ತದೆ. 8 ವ್ಯಾಟ್ ಎಂದರೆ 1 ವ್ಯಾಟಿಗಿಂತ 9 ಡಿಬಿ ಮೇಲೆ. ಸ್ಪೀಕರುಗಳು ಎರಡಿರುವುದರಿಂದ 3 ಸೇರಿಸಿ, ಮೂರು ಮೀಟರ್ ದೂರ ಕೂತು ಕೇಳುತ್ತೀರಿ ಎಂದು 7 ಕಳೆಯಿರಿ (ಬಯಲಲ್ಲಾದರೆ ಇನ್ನೂ ಹೆಚ್ಚು ಕಳೆಯಬೇಕಿತ್ತು, ಕೋಣೆಯ ಗೋಡೆಗಳು ಸ್ವಲ್ಪ ಮರಳಿಸುತ್ತವೆ). 93ರ ಸ್ಪೀಕರ್ ಕೇಳುವ ಕುರ್ಚಿಯಲ್ಲಿ ಸುಮಾರು 98 ಡಿಬಿ ತನಕ ಏರಬಲ್ಲದು, 87ರದು 92ಕ್ಕೆ ನಿಲ್ಲುತ್ತದೆ. ಪೆಟ್ಟುಗಳು ಸರಾಸರಿಗಿಂತ 15 ಡಿಬಿ ಮೇಲೆ ಜಿಗಿಯುವ ಸಂಗೀತವಾದರೆ, ಸರಾಸರಿ ಸದ್ದು ಒಂದರಲ್ಲಿ 83, ಇನ್ನೊಂದರಲ್ಲಿ 77. 83 ಎಂದರೆ ನೆಮ್ಮದಿಯ ಜೋರು. 77 ಪುಸ್ತಕ ಓದುತ್ತಾ ಕೇಳಲು ಚೆಂದ. ಆರ್ಕೆಸ್ಟ್ರಾ ಹಾಕಿ ನಾಬ್ ತಿರುಗಿಸಿದರೆ ಏದುಸಿರು ಶುರು. ವಾಲ್ವಿನ ಏದುಸಿರು ಕರ್ಕಶವಾಗಿರುವುದಿಲ್ಲ, ಮೆಲ್ಲಗೆ ಮಸುಕಾಗುತ್ತದೆ. ಅದನ್ನೇ ‘ವಾಲ್ವಿನ ಬೆಚ್ಚನೆ ದನಿ’ ಎಂದು ಮೆಚ್ಚಿಕೊಂಡವರನ್ನು ನಾನು ಕಂಡಿದ್ದೇನೆ.

ಹಾಗಾದರೆ ಡಿಬಿ ಹೆಚ್ಚಿರುವುದನ್ನು ಕಣ್ಣುಮುಚ್ಚಿ ತಂದರಾಯಿತೇ? ಇಲ್ಲೇ ನಾನೂ ಎಡವಿದ್ದು. ಹಿಂದೊಮ್ಮೆ 94 ಡಿಬಿ ಎಂಬ ಒಂದೇ ಅಂಕಿ ನೋಡಿ ಒಂದು ಜೋಡಿ ತಂದೆ. ಸದ್ದು ಬೇಕಾದಷ್ಟು ಬಂತು. ಆದರೆ ಬಾಸ್ ಗಿಟಾರಿನ ಒಂದು ಸ್ವರ ಗುಂಯ್ ಎಂದರೆ ಪಕ್ಕದ ಸ್ವರ ಕಾಣೆ. ಹಾಡುವವರ ಕಂಠ ಒಂದು ಹಾಡಿನಲ್ಲಿ ಮುಂದೆ, ಇನ್ನೊಂದರಲ್ಲಿ ಗೋಡೆಯ ಹಿಂದೆ. ವಾಲ್ವ್ ಬದಲಿಸಿದೆ, ಕೇಬಲ್ ಬದಲಿಸಿದೆ, ಕುರ್ಚಿಯನ್ನೂ ಬದಲಿಸಿದೆ. ತಪ್ಪಿದ್ದದ್ದು ಇಂಪಿಡೆನ್ಸಿನಲ್ಲಿ, ಅಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯಲ್ಲಿ. ಓಮ್ ಅದರ ಅಳತೆ.

ಸ್ಪೀಕರಿನ ಮೇಲೆ ‘8 ಓಮ್’ ಎಂದು ಬರೆದಿದ್ದರೂ ಅದು ಎಲ್ಲ ಸ್ವರಗಳಿಗೂ 8 ಓಮ್ ಅಲ್ಲ. ಬಾಸಿನ ಒಂದು ಕಡೆ 30 ಓಮಿಗೆ ಏರಿ, ಮುಂದೆ 5ಕ್ಕೆ ಇಳಿದು, ಕ್ರಾಸ್‌ಓವರ್ (ತಗ್ಗು ಸ್ವರ, ಎತ್ತರದ ಸ್ವರಗಳನ್ನು ಬೇರೆ ಬೇರೆ ಡ್ರೈವರುಗಳಿಗೆ, ಅಂದರೆ ಸದ್ದು ಹೊರಡಿಸುವ ಬಿಡಿ ಘಟಕಗಳಿಗೆ, ಹಂಚುವ ಸರ್ಕ್ಯೂಟ್) ಹತ್ತಿರ ಮತ್ತೆ ಗುಡ್ಡ ಹತ್ತುತ್ತದೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಈ ಏರಿಳಿತ ಲೆಕ್ಕಕ್ಕಿಲ್ಲ, ಅದರ ಸ್ವಂತ ಔಟ್‌ಪುಟ್ ಇಂಪಿಡೆನ್ಸ್ ಒಂದು ಓಮಿನ ಸಣ್ಣ ಚೂರು. ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಒಂದು ಪಾಲನ್ನು ಹಿಂದಕ್ಕೆ ತಂದು ತಪ್ಪು ತಿದ್ದುವ ಏರ್ಪಾಡು) ಇಲ್ಲದ ಸಿಂಗಲ್ ಎಂಡೆಡ್ ವಾಲ್ವಿನದು ಎರಡು ಮೂರು ಓಮ್ ಇರುವುದು ಮಾಮೂಲು. 3 ಓಮ್ ಎಂದೇ ಇಟ್ಟುಕೊಳ್ಳಿ. ಸ್ಪೀಕರ್ 4 ಓಮ್ ಇರುವಲ್ಲಿ ವೋಲ್ಟೇಜಿನ ಏಳರಲ್ಲಿ ನಾಲ್ಕು ಪಾಲಷ್ಟೇ ಅದಕ್ಕೆ ಸಿಗುತ್ತದೆ, 32 ಓಮ್ ಇರುವಲ್ಲಿ 35ರಲ್ಲಿ 32 ಪಾಲು. ವ್ಯತ್ಯಾಸ ಸುಮಾರು 4 ಡಿಬಿ. ಯಾರೋ ನಿಮಗೆ ಹೇಳದೆ ಈಕ್ವಲೈಸರ್ ತಿರುಗಿಸಿಟ್ಟ ಹಾಗೆ. ಎಂಟು ವ್ಯಾಟಿನವರ ದೂರುಗಳಲ್ಲಿ ಅರ್ಧಕ್ಕರ್ಧ ವ್ಯಾಟಿನದಲ್ಲ, ಇದರದು ಎಂಬುದು ನನ್ನ ಅನಿಸಿಕೆ.

ಆದ್ದರಿಂದ ಅಂಕಿ ನೋಡಿದ ಮೇಲೆ ಇಂಪಿಡೆನ್ಸ್ ಗ್ರಾಫ್ ಹುಡುಕಿ ನೋಡಿ. ಗೆರೆ ಎತ್ತರದಲ್ಲಿದ್ದಷ್ಟೂ, ಸಪಾಟಾಗಿದ್ದಷ್ಟೂ ಒಳ್ಳೆಯದು. ಕನಿಷ್ಠ ಬಿಂದು 6 ಓಮಿಗಿಂತ ಕೆಳಗಿಳಿಯದಿದ್ದರೆ ಮನಸ್ಸು ನಿರಾಳ. ಕ್ರಾಸ್‌ಓವರಿನಲ್ಲಿ ಬಿಡಿಭಾಗ ಕಡಿಮೆಯಿರುವ ಎರಡು ಡ್ರೈವರಿನ ಸ್ಪೀಕರುಗಳು ಸಾಮಾನ್ಯವಾಗಿ ಸಾಧು. ನಾಲ್ಕಾರು ಸಣ್ಣ ವೂಫರುಗಳನ್ನು (ಬಾಸಿನ ಡ್ರೈವರುಗಳನ್ನು) ಒಂದರ ಕೆಳಗೊಂದು ಕೂರಿಸಿದ ಸಪೂರ ಪೆಟ್ಟಿಗೆಗಳಲ್ಲಿ ಹಲವು 3 ಓಮಿಗೆ ಜಾರುತ್ತವೆ.

ಇದಕ್ಕೆ ಚಂದದ ಉದಾಹರಣೆ ಬಿಬಿಸಿ 1970ರ ದಶಕದಲ್ಲಿ ರೂಪಿಸಿದ ಎಲ್‌ಎಸ್3/5ಎ. ಹೊರಾಂಗಣ ಪ್ರಸಾರದ ವ್ಯಾನಿನೊಳಗಿನ ಇಕ್ಕಟ್ಟಿಗೆಂದು ಮಾಡಿದ ಪುಟ್ಟ ಪೆಟ್ಟಿಗೆ. ಸೆನ್ಸಿಟಿವಿಟಿ ಬರೀ 83 ಡಿಬಿ ಆಸುಪಾಸು, ಲೆಕ್ಕದ ಪ್ರಕಾರ ವಾಲ್ವ್ ಅದರ ಹತ್ತಿರವೂ ಸುಳಿಯಬಾರದು. ಆದರೆ ಮೊದಲ ಆವೃತ್ತಿಯ ಇಂಪಿಡೆನ್ಸ್ 15 ಓಮ್. ಚಿಕ್ಕ ಕೋಣೆಯಲ್ಲಿ, ಹತ್ತಿರ ಕೂತು ಕೇಳುವವರು ಹದಿನೈದಿಪ್ಪತ್ತು ವ್ಯಾಟಿನ ವಾಲ್ವ್‌ಗಳ ಜೊತೆ ಇಂದಿಗೂ ಅದನ್ನು ಬಿಟ್ಟುಕೊಡುವುದಿಲ್ಲ. ಜೋರು ಬೇಕೆನ್ನುವವರಿಗೆ ಅದು ಒಗ್ಗದು, ಆ ಮಾತು ಬೇರೆ.

ಜೋರೂ ಬೇಕು, ವ್ಯಾಟೂ ಕಡಿಮೆ ಎಂದರೆ ಪೆಟ್ಟಿಗೆ ದೊಡ್ಡದಾಗಲೇಬೇಕು. ಚಿಕ್ಕ ಪೆಟ್ಟಿಗೆ, ಆಳದ ಬಾಸ್, ಹೆಚ್ಚಿನ ಸೆನ್ಸಿಟಿವಿಟಿ: ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನ್ನೂ ಅಲ್ಲ. ಅಮೆರಿಕದ ಕೆಎಲ್‌ಎಚ್ ಸ್ಪೀಕರ್ ಕಂಪನಿಯ ಹೆಸರಿನಲ್ಲಿರುವ ‘ಎಚ್’, ಅಂದರೆ ಹಾಫ್‌ಮನ್, ಇದನ್ನು ಸೂತ್ರವಾಗಿ ಹೇಳಿದ್ದರಿಂದ ‘ಹಾಫ್‌ಮನ್‌ನ ಕಬ್ಬಿಣದ ನಿಯಮ’ ಎಂಬ ಹೆಸರೇ ನಿಂತಿದೆ. 300ಬಿ ಬಂದದ್ದು 1938ರಲ್ಲಿ. ಆಗ ವ್ಯಾಟ್ ದುಬಾರಿ, ಹಾಗಾಗಿ ಸಿನಿಮಾ ಮಂದಿರಗಳು ಆಳೆತ್ತರದ ಹಾರ್ನ್ ಸ್ಪೀಕರ್ ಕೂರಿಸಿ, ಇಂದು ನಗು ಬರುವಷ್ಟು ಕಡಿಮೆ ವ್ಯಾಟಿನಲ್ಲಿ ಸಭೆಯನ್ನೆಲ್ಲ ತಲುಪುತ್ತಿದ್ದವು. 1946ರಲ್ಲಿ ಬಂದ ಕ್ಲಿಪ್ಶ್‌ಹಾರ್ನ್ ಅದೇ ಉಪಾಯವನ್ನು ಮನೆಯ ಮೂಲೆಗೆ ತಂದಿತು. ಒಂದು ವ್ಯಾಟಿಗೆ 100 ಡಿಬಿ ದಾಟುವ ಅದಕ್ಕೆ 8 ವ್ಯಾಟ್ ಹಬ್ಬದೂಟ. ಟ್ರಾನ್ಸಿಸ್ಟರ್ ಬಂದು ವ್ಯಾಟ್ ಅಗ್ಗವಾದ ಮೇಲೆ ಪೆಟ್ಟಿಗೆಗಳು ಕುಗ್ಗಿದವು, ಸೆನ್ಸಿಟಿವಿಟಿಯೂ ಕುಗ್ಗಿತು. ನಿಮ್ಮ ಆಂಪ್ಲಿಫೈಯರ್ ಒಂದು ಕಾಲದ್ದು, ಆ ಸಪೂರ ಸ್ಪೀಕರ್ ಇನ್ನೊಂದು ಕಾಲದ್ದು.

ಒಂದೇ ಡ್ರೈವರಿನ ಫುಲ್‌ರೇಂಜ್ ಸ್ಪೀಕರುಗಳ ಬಗ್ಗೆಯೂ ಕೇಳುವವರಿದ್ದಾರೆ. ಕ್ರಾಸ್‌ಓವರ್ ಇಲ್ಲ, ಕಂಠ ಎದುರಿಗೇ ಕೂತಂತೆ ಕೇಳುತ್ತದೆ. ಆಳದ ಬಾಸ್ ಆಸೆ ಬಿಡಬೇಕು, ಅಷ್ಟೆ.

ನಿಮಗೆ ಎಷ್ಟು ವ್ಯಾಟ್ ಬೇಕೆಂಬುದನ್ನು ಊಹಿಸುವ ಬದಲು ಅಳೆಯಲೂಬಹುದು. ಕೊಳ್ಳಬೇಕೆಂದಿರುವ ಸ್ಪೀಕರನ್ನು ಯಾವುದಾದರೂ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಜೋಡಿಸಿ, ನಿಮ್ಮ ಮಟ್ಟಿಗೆ ಅತಿ ಜೋರು ಎನ್ನುವಷ್ಟಕ್ಕೆ ಸಂಗೀತ ಹಾಕಿ. ನಾಬ್ ಮುಟ್ಟದೆ, ಸ್ಪೀಕರ್ ತಂತಿ ಬಿಚ್ಚಿ, ರೆಕಾರ್ಡಿಂಗಿನ ಪೂರ್ಣ ಮಟ್ಟಕ್ಕಿಂತ 12 ಡಿಬಿ ಕೆಳಗಿರುವ 60 ಹರ್ಟ್ಸಿನ ಟೋನ್ ನುಡಿಸಿ, ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಔಟ್‌ಪುಟ್ ಅಳೆಯಿರಿ. ಬಂದದ್ದನ್ನು ನಾಲ್ಕರಿಂದ ಗುಣಿಸಿದರೆ ಆ ನಾಬ್ ಸ್ಥಾನದಲ್ಲಿ ಬರಬಹುದಾದ ಗರಿಷ್ಠ ವೋಲ್ಟೇಜ್. 1.5 ವೋಲ್ಟ್ ಬಂದರೆ ಗರಿಷ್ಠ 6. ಅದರ ವರ್ಗ 36ನ್ನು 8 ಓಮಿನಿಂದ ಭಾಗಿಸಿದರೆ ನಾಲ್ಕೂವರೆ ವ್ಯಾಟ್. ಬಹಳ ಜನಕ್ಕೆ ಈ ಉತ್ತರ ಅಚ್ಚರಿ ತರುತ್ತದೆ.

ಇದನ್ನು ವಾಲ್ವ್ ಆಂಪ್ಲಿಫೈಯರಿನಲ್ಲಿ ಎಂದಿಗೂ ಮಾಡಬೇಡಿ. ಸ್ಪೀಕರ್ ಬಿಚ್ಚಿ ಸಿಗ್ನಲ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಮೇಲೇರಿ ಕಿಡಿ ಹಾರಬಹುದು, ಸುರುಳಿ ಸುಟ್ಟುಹೋಗಬಹುದು.

ಕೊನೆಗೆ ನಿಮ್ಮ ಎರಡರಲ್ಲಿ ನಾನಾದರೆ 93 ಡಿಬಿಯ ಅಗಲ ಪೆಟ್ಟಿಗೆಯನ್ನೇ ತರುತ್ತೇನೆ, ಅದರ ಇಂಪಿಡೆನ್ಸ್ ಗೆರೆ ಒಮ್ಮೆ ನೋಡಿಕೊಂಡು. ತಂದ ಮೇಲೆ 8 ಓಮ್ ಟ್ಯಾಪಿನಲ್ಲಿ ಬಾಸ್ ಸಡಿಲ ಎನಿಸಿದರೆ, ಆಂಪ್ಲಿಫೈಯರ್ ಆಫ್ ಮಾಡಿ, 4 ಓಮ್ ಟ್ಯಾಪಿಗೆ ಬದಲಿಸಿ ಕೇಳಿ. ವ್ಯಾಟ್ ಸ್ವಲ್ಪ ಕಳೆದುಕೊಳ್ಳುತ್ತೀರಿ, ಆದರೆ ಔಟ್‌ಪುಟ್ ಇಂಪಿಡೆನ್ಸ್ ಸರಿಸುಮಾರು ಅರ್ಧವಾಗುತ್ತದೆ, ವಾಲ್ವಿನ ಮೇಲಿನ ಭಾರವೂ ಇಳಿಯುತ್ತದೆ. ಎರಡು ದಿನ ಹಾಗೆ, ಎರಡು ದಿನ ಹೀಗೆ ಕೇಳಿ ನೋಡಿ.