ಮುನಿಸಿಪಿಯೊ ಅಂದರೆ ಪುರಸಭೆ ಅಲ್ಲ

ಸ್ಪ್ಯಾನಿಷ್‌ನಿಂದ ಕನ್ನಡಕ್ಕೆ ಬಂದ ಬರಹಗಳನ್ನು ತಿದ್ದುವುದು ನನ್ನ ಕೆಲಸ. ಮೊನ್ನೆ ಮೆಕ್ಸಿಕೋದ ಕ್ವೆಟ್ಸಾಲನ್ ಬಗ್ಗೆ ಬಂದ ಒಂದು ಕರಡಿನಲ್ಲಿ ಹೀಗಿತ್ತು: ‘ಕ್ವೆಟ್ಸಾಲನ್ ಪುರಸಭೆಯ ಇಳಿಜಾರುಗಳಲ್ಲಿ ಕಾಫಿ ಬೆಳೆಯುತ್ತಾರೆ.’ ಇದನ್ನು ಎಷ್ಟನೇ ಸಲ ತಿದ್ದುತ್ತಿದ್ದೇನೋ! ಮೂಲದಲ್ಲಿ ‘ಮುನಿಸಿಪಿಯೊ’ ಅಂತ ಕಂಡ ಕೂಡಲೇ ಎಲ್ಲರ ಕೈಯೂ ಪುರಸಭೆ ಅಂತ ಬರೆದುಬಿಡುತ್ತದೆ.

ನಮ್ಮ ಪುರಸಭೆ ಪಟ್ಟಣದ್ದು. ಅದರ ಗಡಿ ದಾಟಿದರೆ ಗ್ರಾಮ ಪಂಚಾಯಿತಿ ಶುರು. ಮೆಕ್ಸಿಕೋದಲ್ಲಿ ಹಾಗಿಲ್ಲ. ಪಟ್ಟಣ, ಸುತ್ತಲ ಹಳ್ಳಿಗಳು, ತೋಟ, ಕಾಡು, ಹೊಳೆ ಎಲ್ಲಾ ಸೇರಿ ಒಂದು ಮುನಿಸಿಪಿಯೊ. ಕ್ವೆಟ್ಸಾಲನ್ ಇರುವ ಪುಯೆಬ್ಲಾ ರಾಜ್ಯ ಪೂರ್ತಿಯಾಗಿ ಇಂಥ 217 ಭಾಗಗಳಾಗಿ ಹಂಚಿಹೋಗಿದೆ. 2010ರ ಜನಗಣತಿಯಲ್ಲಿ ಕ್ವೆಟ್ಸಾಲನ್ ಮುನಿಸಿಪಿಯೊದಲ್ಲಿ ಸುಮಾರು 47 ಸಾವಿರ ಜನರಿದ್ದರು. ಪಟ್ಟಣದಲ್ಲಿ ಇದ್ದವರು ಸುಮಾರು 6 ಸಾವಿರ ಅಷ್ಟೇ. ಉಳಿದವರೆಲ್ಲ ಹಳ್ಳಿಯವರು, ಜಾಸ್ತಿ ಜನ ನಾವಾಗಳು, ಅಂದರೆ ನಾವಾ ಭಾಷೆ ಆಡುವ ಅಲ್ಲಿನ ಮೂಲನಿವಾಸಿಗಳು. ಪುರಸಭೆ ಅಂತ ಬರೆದರೆ ಅವರನ್ನೆಲ್ಲ ಒಂದೇ ಪದದಲ್ಲಿ ಹೊರಗೆ ಹಾಕಿದಂತಾಯಿತು, ಅಲ್ವಾ?

ಕರಡು ಬರೆದ ಹುಡುಗಿ ಫೋನ್ ಮಾಡಿದಳು. ‘ಮೇಡಂ, ತ್ಸಿನಾಕಾಪನ್ ಹಳ್ಳಿಯವರು ಕ್ವೆಟ್ಸಾಲನ್ ಪಟ್ಟಣದ ಅಧ್ಯಕ್ಷರಿಗೆ ಯಾಕೆ ಓಟು ಹಾಕ್ತಾರೆ?’ ಒಳ್ಳೆಯ ಪ್ರಶ್ನೆ. ಅವರು ಪಟ್ಟಣಕ್ಕೆ ಅಧ್ಯಕ್ಷರಲ್ಲ ಕಣಮ್ಮ, ಇಡೀ ಮುನಿಸಿಪಿಯೊಗೆ ಅಂದೆ. ಹಾಗಾದರೆ ತಾಲ್ಲೂಕು ಅನ್ನೋಣವಾ ಅಂದಳು. ಹತ್ತಿರ ಬಂದಳು. ಆದರೆ ತಹಶೀಲ್ದಾರರನ್ನು ಸರ್ಕಾರ ನೇಮಿಸುತ್ತದೆ, ಮುನಿಸಿಪಿಯೊದ ಅಧ್ಯಕ್ಷರು ಮೂರು ವರ್ಷಕ್ಕೆ ಜನರಿಂದ ಆಯ್ಕೆಯಾದವರು. ಅಳತೆಯೂ ಒಂದೇ ಸಮ ಇಲ್ಲ. ಪಕ್ಕದ ಒವಾಹಾಕಾ ರಾಜ್ಯದಲ್ಲಿ 570 ಮುನಿಸಿಪಿಯೊಗಳಿವೆ, ಕೆಲವಕ್ಕೆ ಕೆಲವೇ ನೂರು ಜನ.

ಈ ಆಕಾರಕ್ಕೆ ಹಳೆಯ ಬೇರು ಇದೆ. ಸ್ಪೇನಿನವರು ಬರುವ ಮೊದಲು ನಾವಾ ಜನ ತಮ್ಮ ನಾಡನ್ನು ‘ಆಲ್ತೆಪೆತ್ಲ್’ ಎನ್ನುತ್ತಿದ್ದರು. ನೀರು ಮತ್ತು ಬೆಟ್ಟ ಎಂಬ ಎರಡು ಪದ ಸೇರಿ ಆದದ್ದು. ಊರು ಅನ್ನುವ ಮಾತಿನೊಳಗೇ ಹೊಳೆ, ಗುಡ್ಡ ಬಂದುಬಿಟ್ಟಿವೆ ನೋಡಿ! ಸ್ಪೇನಿನವರು ಒಂದನ್ನು ಮುಖ್ಯ ಊರು ಮಾಡಿ, ಉಳಿದವನ್ನು ಅದರ ಕೈಕೆಳಗಿನ ಹಳ್ಳಿಗಳೆಂದು ಬರೆದುಕೊಂಡರು. ಎಲ್ಲ ಮುನಿಸಿಪಿಯೊಗಳೂ ನೇರವಾಗಿ ಹಾಗೇ ಬಂದವು ಎಂದು ನಾನು ಹೇಳುವುದಿಲ್ಲ. ಸ್ಪೇನಿನ 1812ರ ಕಾದಿಸ್ ಸಂವಿಧಾನ ಸಾವಿರ ಜನರಿದ್ದ ಊರಿಗೂ ಸ್ವಂತ ಆಡಳಿತ ಮಂಡಳಿ ಕೊಟ್ಟಾಗ ಗಡಿಗಳು ತುಂಬಾ ಕದಲಿದವು.

ಕ್ವೆಟ್ಸಾಲನ್‌ನ ನಾವಾಗಳು ಕೊನೆಯ ‘ತ್ಲ್’ ಬದಲು ಬರೀ ‘ತ್’ ಹೇಳಿ ‘ಆಲ್ತೆಪೆತ್’ ಎನ್ನುತ್ತಾರೆ. ತಮ್ಮನ್ನು ಮಾಸೆವಾಲ್ ಎಂದು ಕರೆದುಕೊಳ್ಳುತ್ತಾರೆ. ದಯವಿಟ್ಟು ಇವರನ್ನು ‘ಪ್ರಾಚೀನ ಅಜ್ಟೆಕರು’ ಎಂದು ಬರೆಯಬೇಡಿ, ಇವರು ಇಂದಿನ ಜನ. 1977ರಲ್ಲಿ ಸಕ್ಕರೆ ತೀರಾ ದುಬಾರಿಯಾದಾಗ ಒಟ್ಟಾಗಿ ಕೊಳ್ಳೋಣ ಎಂದು ಶುರು ಮಾಡಿದ ತೊಸೆಪಾನ್ ಸಹಕಾರ ಸಂಘ ಇವರದು. ಆಮೇಲೆ ಕಾಫಿ, ಜೇನು ಎಂದು ಬೆಳೆಯಿತು. ಭಾನುವಾರದ ಸಂತೆಗೆ ಹಳ್ಳಿಗಳಿಂದ ಜನ ಪಟ್ಟಣದ ಚೌಕಕ್ಕೆ ಬರುತ್ತಾರೆ. ಸಂತೆಗೆ ಮೆಕ್ಸಿಕೋ ಪೂರ್ತಿ ಹೇಳುವ ‘ತಿಯಾಂಗಿಸ್’ ಪದವೂ ನಾವಾ ಭಾಷೆಯದೇ.

ಪ್ರವಾಸಿಗರಿಗೂ ಈ ಗೊಂದಲ ತೊಂದರೆ ಕೊಡುತ್ತದೆ. ‘ಕ್ವೆಟ್ಸಾಲನ್‌ನ ಯೊವಾಲಿಚಾನ್ ಪಿರಮಿಡ್‌ಗಳು’ ಎಂದು ಓದಿದ ಪರಿಚಯದವರೊಬ್ಬರು ಚೌಕದಲ್ಲಿ ಬಸ್ಸಿಳಿದು ಸುಮ್ನೆ ಹುಡುಕಾಡಿದ್ದರು. ಅವು ಸುಮಾರು 8 ಕಿಲೋಮೀಟರ್ ಆಚೆ, ಅದೇ ಹೆಸರಿನ ಹಳ್ಳಿಯಲ್ಲಿವೆ. ಹೆಸರು ನಾವಾ ಭಾಷೆಯದು, ‘ರಾತ್ರಿಯ ಮನೆ’ ಎಂದು. ಕಟ್ಟಿದವರು ತೊತೊನಾಕರು ಎಂಬ ಇನ್ನೊಂದು ಮೂಲನಿವಾಸಿ ಜನ ಎನ್ನುತ್ತಾರೆ. ಗೋಡೆಯ ಚೌಕ ಗೂಡುಗಳು ಮೆಕ್ಸಿಕೋದ ಇನ್ನೊಂದು ಪ್ರಾಚೀನ ನಗರವಾದ ಎಲ್ ತಾಹಿನ್‌ನವನ್ನೇ ಹೋಲುತ್ತವೆ.

ಎರಡು ದಿನ ಬಿಟ್ಟು ಹುಡುಗಿ ತಿದ್ದಿದ ಸಾಲು ಕಳಿಸಿದಳು: ‘ಕ್ವೆಟ್ಸಾಲನ್ ಸೀಮೆಯ ಇಳಿಜಾರುಗಳಲ್ಲಿ ಕಾಫಿ ಬೆಳೆಯುತ್ತಾರೆ.’ ಕಾನೂನು ಕಾಗದಕ್ಕೆ ಇದು ಸಾಲದು, ಅಲ್ಲಿ ಮುನಿಸಿಪಿಯೊ ಎಂದೇ ಉಳಿಸಿ ಒಮ್ಮೆ ವಿವರಿಸಬೇಕು. ಆದರೆ ಈ ಬರಹಕ್ಕೆ ‘ಸೀಮೆ’ ಚೆನ್ನಾಗಿ ಹೊಂದಿತು. ನನಗೆ ಹೊಳೆದಿರಲಿಲ್ಲ. ಹಾಗೇ ಅಚ್ಚಿಗೆ ಕಳಿಸಿದೆ.